ಹಲಸಿನ ಹಣ್ಣು ಬೇಕಾ?

ಮೇ ತಿಂಗಳು ಬಂತೆಂದರೆ ನಮ್ಮೂರಿನ ಜನ ಫೋನು ಎತ್ತಲು ಸ್ವಲ್ಪ ಹಿಂದುಮುಂದು ನೋಡುತ್ತಾರೆ. ಸಾಲ ಕೇಳುವವರ ಭಯವಲ್ಲ, ಹಲಸಿನ ಹಣ್ಣು ಕೊಡುವವರ ಭಯ. ಆ ಕಡೆಯವರು ನೇರವಾಗಿ ವಿಷಯಕ್ಕೆ ಬರುವುದಿಲ್ಲ. ಮಳೆ ಬಂತಾ, ಅಡಿಕೆಗೆ ಮದ್ದು ಬಿಟ್ಟಾಯಿತಾ, ಅತ್ತೆಯ ಮಂಡಿನೋವು ಹೇಗುಂಟು ಎಂದೆಲ್ಲ ಸುತ್ತು ಬಳಸಿ, ಕೊನೆಗೆ ಏನೋ ಈಗಷ್ಟೇ ನೆನಪಾದವರಂತೆ ಕೇಳುತ್ತಾರೆ: "ಅಂದ ಹಾಗೆ, ಹಲಸಿನ ಹಣ್ಣು ಬೇಕಾ? ಒಳ್ಳೇ ಬಕ್ಕೆ, ಗಟ್ಟಿ ಸೊಳೆಯ ಹಣ್ಣು."

ಉತ್ತರವೂ ತಯಾರಾಗಿಯೇ ಇರುತ್ತದೆ. "ಅಯ್ಯೋ, ಇಲ್ಲಿಯೇ ಬೇಕಾದಷ್ಟುಂಟು ಮಾರಾಯ್ತಿ. ನಾನೇ ನಿನಗೆ ಫೋನು ಮಾಡುವವಳಿದ್ದೆ!"

ಪುತ್ತೂರಿನ ಆಚೆ, ತೋಟದ ಬದಿಯ ನಮ್ಮ ಮನೆಯ ಸುತ್ತ ಏಳು ಹಲಸಿನ ಮರಗಳಿವೆ. ಯಾರೂ ನೆಟ್ಟದ್ದಲ್ಲ, ಯಾರೂ ನೀರು ಹಾಕಿದ್ದಲ್ಲ. ಯಾವ ಕಾಲದಲ್ಲಿ ಯಾರು ತಿಂದು ಎಸೆದ ಬೇಳೆಯೋ ಏನೋ. ಗೊಬ್ಬರ ಹಾಕಿ, ಕಾಲುಹಿಡಿದು ಬೇಡಿಕೊಂಡರೂ ಮುನಿಸಿಕೊಳ್ಳುವ ಅಡಿಕೆಯ ಪಕ್ಕದಲ್ಲೇ ಇವು ಬುಡದಿಂದ ತುದಿಯವರೆಗೆ ಕಾಯಿ ಹೊತ್ತು ನಿಲ್ಲುತ್ತವೆ. ಹಣ್ಣಾದ ಮೇಲೆ ರಾತ್ರಿ ಹೊತ್ತು ಒಂದೊಂದಾಗಿ 'ದೊಪ್ಪ' ಎಂದು ಬೀಳುತ್ತವೆ. ಅಮ್ಮ ಮಲಗಿದಲ್ಲಿಂದಲೇ ಲೆಕ್ಕ ಹಾಕುತ್ತಾಳೆ: "ಕೊಟ್ಟಿಗೆ ಹಿಂದಿನದ್ದು. ಇದು ಮೂರನೆಯದು."

ಬೇರೆ ಹಣ್ಣುಗಳಿಗೆ ಈ ಕಷ್ಟವಿಲ್ಲ. ಮಾವು ಹೆಚ್ಚಾದರೆ ಬಂದ ನೆಂಟರ ಚೀಲಕ್ಕೆ ನಾಲ್ಕು ತುರುಕಬಹುದು. ಲಿಂಬೆ ಹೆಚ್ಚಾದರೆ ಉಪ್ಪಿನಕಾಯಿ ಭರಣಿ ಉಂಟು. ಪೇರಳೆಯನ್ನು ಶಾಲೆಯ ಮಕ್ಕಳೇ ನೋಡಿಕೊಳ್ಳುತ್ತಾರೆ. ಹಲಸು ಹಾಗಲ್ಲ. ಹತ್ತು ಹದಿನೈದು ಕಿಲೋ ತೂಗುವ, ಮೈಯೆಲ್ಲ ಮುಳ್ಳಿರುವ, ಒಳಗೆಲ್ಲ ಮೇಣ ತುಂಬಿರುವ ಪ್ರಾಣಿ ಅದು. ಗುಟ್ಟಾಗಿ ತಿನ್ನಲಿಕ್ಕಂತೂ ಸಾಧ್ಯವೇ ಇಲ್ಲ. ನೀವು ಕತ್ತಿ ಹಾಕುವ ಮೊದಲೇ ಅದರ ಪರಿಮಳ ನಾಲ್ಕು ಮನೆಗೆ ಹೋಗಿ ಸುದ್ದಿ ಮುಟ್ಟಿಸಿ ಬಂದಿರುತ್ತದೆ. ಒಮ್ಮೆ ಕೊಯ್ದಿರೋ, ಅದೇ ದಿನ ಅದಕ್ಕೊಂದು ಗತಿ ಕಾಣಿಸಬೇಕು. 'ಹಸಿದು ಹಲಸು, ಉಂಡು ಮಾವು' ಎಂದ ಹಿರಿಯರು ಎಷ್ಟು ಜನರ ಹಸಿವು ಎಂದು ಮಾತ್ರ ಹೇಳಲಿಲ್ಲ.

2018ರಲ್ಲಿ ಕೇರಳ ಸರಕಾರ ಹಲಸನ್ನು ರಾಜ್ಯದ ಅಧಿಕೃತ ಹಣ್ಣೆಂದು ಘೋಷಿಸಿದ ಸುದ್ದಿಯನ್ನು ಅಪ್ಪ ಪೇಪರಿನಲ್ಲಿ ಓದಿ, ಕನ್ನಡಕ ತೆಗೆದು ಹೇಳಿದ್ದರು: "ಅವರಿಗೂ ಯಾರಿಗೆ ಕೊಡುವುದೆಂದು ಗೊತ್ತಾಗಲಿಲ್ಲ ಕಾಣ್ತದೆ."

ತಮಾಷೆಯೆಂದರೆ, ಹಣ್ಣು ಬೇಡವೆಂದು ಫೋನಿಟ್ಟ ಅದೇ ಮಾರಾಯ್ತಿ ಹದಿನೈದು ದಿನ ಬಿಟ್ಟು ತಾನಾಗಿಯೇ ಫೋನು ಮಾಡುತ್ತಾಳೆ. "ಈ ಸಲ ಹಪ್ಪಳ ಮಾಡಿದಿರಾ?" ಎಂದು ಕೇಳುತ್ತಾಳೆ. ಅವಳ ಮನೆಯಲ್ಲೂ ಹಪ್ಪಳ ಉಂಟು, ನಮ್ಮಲ್ಲೂ ಉಂಟು. ಆದರೂ ಅವಳದ್ದು ನಮಗೆ ಬೇಕು, ನಮ್ಮದು ಅವಳಿಗೆ ಬೇಕು. ಹಣ್ಣಾಗಿದ್ದಾಗ ಒಂದೇ ಆಗಿದ್ದದ್ದು ಹಪ್ಪಳವಾದ ಮೇಲೆ ಅವರವರ ಕೈರುಚಿಯಾಗುತ್ತದೆ. ಅವಳು ಜೀರಿಗೆ ಜಾಸ್ತಿ ಹಾಕುತ್ತಾಳೆ, ಅಮ್ಮನದ್ದು ಮೆಣಸು ಮುಂದು.

ಹಪ್ಪಳಕ್ಕೆ ಹಣ್ಣು ಆಗದು, ಬಲಿತ ಕಾಯಿಯೇ ಆಗಬೇಕು. ಹಣ್ಣಾಗಲು ಇನ್ನೇನು ಸ್ವಲ್ಪ ದಿನವಿದೆ ಎನ್ನುವಾಗ ಹಗ್ಗ ಕಟ್ಟಿ ಇಳಿಸಬೇಕು. ಬರಲಿರುವ ನೆರೆಗೆ ಮೇಲಿನಿಂದಲೇ ಕಟ್ಟ ಕಟ್ಟುವ ಉಪಾಯ ಇದು. ಅಪ್ಪ ಕತ್ತಿಗೂ ಕೈಗೂ ತೆಂಗಿನೆಣ್ಣೆ ಸವರಿಕೊಂಡು ಕಾಯಿ ಕಡಿಯುತ್ತಿದ್ದರು, ನಾವು ಒಂದು ಕಡ್ಡಿಯ ತುದಿಗೆ ಮೇಣ ಸುತ್ತಿ ಸುತ್ತಿ ಲಿಂಬೆಯಷ್ಟು ದೊಡ್ಡದು ಮಾಡುತ್ತಿದ್ದೆವು. ಅದು ಏನಕ್ಕೂ ಉಪಯೋಗವಿಲ್ಲ, ಆದರೂ ಯಾರದ್ದು ದೊಡ್ಡದು ಎಂದು ಜಗಳವಾಗುತ್ತಿತ್ತು. ಬಿಡಿಸಿದ ಸೊಳೆಯನ್ನು ಹಬೆಯಲ್ಲಿ ಬೇಯಿಸಿ, ಬಿಸಿ ಆರುವ ಮೊದಲೇ ಕಲ್ಲಿಗೆ ಹಾಕಿ ಗುದ್ದಬೇಕು. ಉಪ್ಪು, ಮೆಣಸು, ಕೊತ್ತಂಬರಿ, ಜೀರಿಗೆ. ಆರಿತೋ, ಹಿಟ್ಟು ಮಾತು ಕೇಳುವುದಿಲ್ಲ. ಹಾಗಾಗಿ ಆ ದಿನ ನೆರೆಮನೆಯ ಅಕ್ಕಂದಿರೆಲ್ಲ ಬೆಳಿಗ್ಗೆಯೇ ಬರುತ್ತಿದ್ದರು. ನಾಳೆ ಅವರ ಮನೆಯಲ್ಲಿ ಹಪ್ಪಳ, ಅಮ್ಮ ಅಲ್ಲಿಗೆ. ಒಬ್ಬರು ಉಂಡೆ ಕಟ್ಟುವವರು, ಒಬ್ಬರು ಮಣೆಯಲ್ಲಿ ಒತ್ತುವವರು, ಒಬ್ಬರು ಚಾಪೆಗೆ ಹರಡುವವರು. ಊರಿನ ಎಲ್ಲ ಸುದ್ದಿಯೂ ಆ ಮಣೆಯ ಕೆಳಗೆ ಸಿಕ್ಕಿ ತೆಳ್ಳಗಾಗಿ ಅಂಗಳದಲ್ಲಿ ಒಣಗುತ್ತಿತ್ತು.

ಕಾಗೆ ಕಾಯುವ ಕೆಲಸ ಮಕ್ಕಳದ್ದು. ಅಜ್ಜನ ಕಪ್ಪು ಕೊಡೆಯನ್ನು ಬಿಡಿಸಿ ಚಾಪೆಯ ನಡುವೆ ಇಟ್ಟರೆ ಕಾಗೆ ಬರುವುದಿಲ್ಲವೆಂದು ಹೇಳುತ್ತಿದ್ದರು. ಕಾಗೆಗಳೇನೋ ಬರುತ್ತಿರಲಿಲ್ಲ. ಹಪ್ಪಳ ಕಡಿಮೆಯಾಗುತ್ತಿದ್ದದ್ದು ನಮ್ಮಿಂದ. ಅರ್ಧ ಒಣಗಿ, ಇನ್ನೂ ಮೆತ್ತಗಿರುವ ಹಪ್ಪಳವನ್ನು ಮಡಚಿ ತೆಂಗಿನೆಣ್ಣೆಯಲ್ಲಿ ಅದ್ದಿ ತಿನ್ನುವುದುಂಟಲ್ಲ, ಕರಿದ ಹಪ್ಪಳ ಅದರ ಕಾಲಧೂಳಿಗೂ ಸಮವಲ್ಲ. ಇದನ್ನು ತಿಂದು ಗೊತ್ತಿಲ್ಲದವರಿಗೆ ಹೇಳಿ ಪ್ರಯೋಜನವಿಲ್ಲ, ಗೊತ್ತಿದ್ದವರಿಗೆ ಹೇಳುವುದೇ ಬೇಡ.

ಪತ್ತನಾಜೆಯ ಒಳಗೆ, ಅಂದರೆ ಮೇ 24ರ ಸುಮಾರಿಗೆ, ಹಪ್ಪಳದ ಕೆಲಸ ಮುಗಿಯಬೇಕು. ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚುವ ದಿನ ಅದು. ಆಮೇಲಿನ ಬಿಸಿಲನ್ನು ಅಮ್ಮ ನಂಬುವುದಿಲ್ಲ.

ಒಣಗಿದ ಹಪ್ಪಳವನ್ನು 25ರ ಲೆಕ್ಕದಲ್ಲಿ ಬಾಳೆನಾರಿನಿಂದ ಕಟ್ಟುತ್ತಾರೆ. ನಿಜವಾದ ಕತೆ ಇರುವುದು ಈ ಕಟ್ಟುಗಳಲ್ಲಿ. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಅಮ್ಮನ ಪಟ್ಟಿ ಇರುತ್ತದೆ. ಮಂಗಳೂರಿನ ದೊಡ್ಡಮ್ಮನಿಗೆ 4, ಮೈಸೂರಿನ ಚಿಕ್ಕಪ್ಪನಿಗೆ 3, ಡಾಕ್ಟರರಿಗೆ 2, ಹೊಲಿಗೆಯವಳಿಗೆ 1. ಅಮೆರಿಕದ ಅಣ್ಣನಿಗೆ 6, ಯಾಕೆಂದರೆ ದಾರಿಯಲ್ಲಿ ಎರಡು ಕಟ್ಟು ಪುಡಿಯಾಗುತ್ತದೆಂಬ ಅಂದಾಜು. ಅವನ 23 ಕಿಲೋ ಪೆಟ್ಟಿಗೆಯಲ್ಲಿ ಹಪ್ಪಳಕ್ಕೆ ಅತ್ತಿಗೆಯ ರೇಷ್ಮೆ ಸೀರೆಯ ಮಡಿಕೆಯಲ್ಲೇ ಜಾಗ. ಒಂದು ವರ್ಷ ಯಾವುದೋ ಮದುವೆಯಲ್ಲಿ ಏನೋ ಮಾತು ಬಂದು, ಮೈಸೂರಿನ 3 ಹೋಗಿ 2 ಆಯಿತು. ಅಮ್ಮ ಏನೂ ಹೇಳಲಿಲ್ಲ, ಚಿಕ್ಕಮ್ಮನೂ ಏನೂ ಕೇಳಲಿಲ್ಲ. ಆದರೆ ಆ ದೀಪಾವಳಿಗೆ ಅಲ್ಲಿಂದ ಬರುವ ಮೈಸೂರು ಪಾಕಿನ ಡಬ್ಬ ಸಣ್ಣದಾಗಿತ್ತು. ಮರುವರ್ಷ ಅಜ್ಜಿಗೆ ಹುಷಾರಿಲ್ಲದಾಗ ಚಿಕ್ಕಮ್ಮ ಬಂದು ಹತ್ತು ದಿನ ನಿಂತು ನೋಡಿಕೊಂಡರು. ಆ ಬೇಸಿಗೆಯ ಕ್ಯಾಲೆಂಡರಿನಲ್ಲಿ 'ಮೈಸೂರು 5' ಎಂದು ಬರೆದದ್ದನ್ನು ನಾನೇ ನೋಡಿದ್ದೇನೆ.

ಹಣ್ಣಿನ ಕಾಲ ಬಂದಾಗ ಬೆರಟಿ. ಬೆಲ್ಲ ಹಾಕಿ, ದೊಡ್ಡ ಬಾಣಲೆಯಲ್ಲಿ, ಗಂಟೆಗಟ್ಟಲೆ ಕೈಬಿಡದೆ ಮಗುಚುವ ತಪಸ್ಸು. ಕುದಿಯುವ ಬೆರಟಿಗೆ ಉಗುಳುವ ಅಭ್ಯಾಸವಿದೆ, ಅದಕ್ಕೇ ಸೌಟಿನ ಹಿಡಿ ಮೊಳ ಉದ್ದ. ಅಮ್ಮನ ಮುಂಗೈಯಲ್ಲಿ ಪ್ರತಿ ವರ್ಷದ ಒಂದೊಂದು ಚುಕ್ಕೆಯುಂಟು. ಆದರೆ ಸರಿಯಾಗಿ ಕಾಯಿಸಿದ ಬೆರಟಿ ವರ್ಷವಿಡೀ ಕೆಡುವುದಿಲ್ಲ. ಮಳೆಗಾಲದಲ್ಲಿ ನೆಂಟರು ಹೇಳದೆ ಬಂದರೆ ಒಂದು ಉಂಡೆ ತೆಗೆದು ತೆಂಗಿನಹಾಲಿನಲ್ಲಿ ಕರಗಿಸಿದರಾಯಿತು, ಪಾಯಸ. ಭರಣಿಯಲ್ಲಿ ಉಪ್ಪುನೀರಿಗೆ ಹಾಕಿಡುವ ಉಪ್ಪುಸೊಳೆಯೂ ಉಂಟು. ಜೋರು ಮಳೆಯ ಆಟಿ ತಿಂಗಳಲ್ಲಿ ಅದರ ರೊಟ್ಟಿ ಬಹಳ ರುಚಿ. ಆದರೆ ಅದನ್ನು ಯಾರಿಗೂ ಉಡುಗೊರೆ ಕೊಡಬೇಡಿ. ಭರಣಿಯ ಮುಚ್ಚಳ ತೆಗೆದಾಗ ಬರುವ ವಾಸನೆಯನ್ನು ಸಹಿಸಲು ಹುಟ್ಟಿನಿಂದಲೇ ಅಭ್ಯಾಸ ಬೇಕು.

ಇಷ್ಟೆಲ್ಲ ಗೊತ್ತಿದ್ದೂ ಬೆಂಗಳೂರಿಗೆ ಬಂದ ಮೇಲೆ ನಾನೂ ಫೋನಿನಲ್ಲಿ ತಪ್ಪಿಸಿಕೊಳ್ಳುವವರ ಸಾಲಿಗೆ ಸೇರಿದ್ದೆ. ಕಳೆದ ವರ್ಷ ತಮ್ಮ ಕೇಳುವ ಗೋಜಿಗೇ ಹೋಗಲಿಲ್ಲ. ರಾತ್ರಿ ಬಸ್ಸು ಶಿರಾಡಿ ಘಾಟಿ ಹತ್ತಿದ ಮೇಲೆ ಮೆಸೇಜು ಹಾಕಿದ: "ಎರಡು ಹಣ್ಣು ಗೋಣಿಯಲ್ಲಿ ಹಾಕಿದ್ದೇನೆ. ಬೆಳಿಗ್ಗೆ ಸ್ಯಾಟಲೈಟ್ ಸ್ಟ್ಯಾಂಡಿನಲ್ಲಿ ಇಳಿಸಿಕೊ." ಘಾಟಿ ಹತ್ತಿದ ಹಣ್ಣನ್ನು ವಾಪಸ್ಸು ಕಳಿಸುವುದುಂಟೇ?

ನನ್ನ ಯಜಮಾನರು ಗುಬ್ಬಿ ಕಡೆಯವರು. ಅವರ ಕಡೆಯ ಚೇಳೂರಿನಲ್ಲಿ ರೈತರೊಬ್ಬರ ಜಮೀನಿನಲ್ಲಿದ್ದ ಮರವನ್ನು ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಗುರುತಿಸಿ, 'ಸಿದ್ದು' ಎಂಬ ಹೆಸರಿನಲ್ಲಿ ಕಸಿ ಗಿಡ ಮಾಡಿದ್ದಾರೆ. ತೊಳೆ ತಾಮ್ರಗೆಂಪು, ಹಣ್ಣು ಬರೀ 2.5 ಕಿಲೋ ಆಸುಪಾಸು. ಅವರಿಗೆ ಅದೇ ಹಲಸು. ಗೋಣಿ ಬಿಚ್ಚಿದಾಗ ಅವರು ಒಂದು ಹೆಜ್ಜೆ ಹಿಂದೆ ಸರಿದು, "ಇದೇನು, ಹಣ್ಣೋ ಕರುವೋ?" ಎಂದರು. ಸೊಳೆಯೋ ತೊಳೆಯೋ ಎಂಬ ಜಗಳ ನಮ್ಮ ಮದುವೆಯಷ್ಟೇ ಹಳೆಯದು, ಅದನ್ನು ಆ ದಿನದ ಮಟ್ಟಿಗೆ ಪಕ್ಕಕ್ಕಿಟ್ಟೆವು. ನಾನು ಎಣ್ಣೆ ತರಲು ಒಳಗೆ ಹೋಗಿ ಬರುವುದರೊಳಗೆ ಅವರು ಬರಿಗೈಯಲ್ಲೇ ಚಾಕು ಹಾಕಿಯಾಗಿತ್ತು. ಮೇಣ ಕೈಯಿಂದ ಚಾಕುವಿಗೆ, ಚಾಕುವಿನಿಂದ ಬಾಗಿಲ ಹಿಡಿಗೆ, ಅಲ್ಲಿಂದ ಮೊಬೈಲಿಗೆ ಹೋಯಿತು. ಹಣ್ಣು ತಿಂದವ ನುಣುಚಿಕೊಂಡ, ಸಿಪ್ಪೆ ತಿಂದವ ಸಿಕ್ಕಿಬಿದ್ದ ಎಂಬ ಗಾದೆ ಕೇಳಿದ್ದೆ. ಇವರು ತಿನ್ನುವ ಮೊದಲೇ ಸಿಕ್ಕಿಬಿದ್ದಿದ್ದರು.

ಲಿಫ್ಟಿನಲ್ಲಿ ಪರಿಮಳ ಮಧ್ಯಾಹ್ನದವರೆಗೂ ಇತ್ತಂತೆ, ಹಾಗಾಗಿ ಮುಚ್ಚಿಡುವಂತಿರಲಿಲ್ಲ. ಒಂದು ಹಣ್ಣಿನ ಸೊಳೆಯನ್ನು ಹಾಗೆಯೇ ಡಬ್ಬಗಳಿಗೆ ತುಂಬಿ ಮನೆಮನೆಗೆ ಹಂಚಿದೆ. ಇನ್ನೊಂದು ಹಣ್ಣು ತುಳುವ. ಮೆತ್ತಗಿನ ಆ ಹಣ್ಣನ್ನು ಅರೆದು ಅಕ್ಕಿ, ಬೆಲ್ಲ, ಕಾಯಿತುರಿ ಸೇರಿಸಿ 'ಗಟ್ಟಿ' ಎಂಬ ಕಡುಬು ಮಾಡಿದೆ. ಊರಲ್ಲಾದರೆ ತೇಗದ ಎಲೆಯಲ್ಲಿ ಕಟ್ಟಿ ಬೇಯಿಸುತ್ತಿದ್ದೆವು. ಬಿಚ್ಚಿದಾಗ ಎಲೆಯ ಕೆಂಪು ಗಟ್ಟಿಗೆ ಇಳಿದಿರುತ್ತಿತ್ತು. ಇಲ್ಲಿ ಮಾರ್ಕೆಟ್ಟಿನ ಬಾಳೆಎಲೆಗೇ ತೃಪ್ತಿಪಟ್ಟುಕೊಂಡೆ. ಉಳಿದ ಹಿಟ್ಟು ಮುಳ್ಕವಾಗಿ ಎಣ್ಣೆಗೆ ಹೋಯಿತು. ಎಂಟು ವರ್ಷ ಒಂದೇ ಕಟ್ಟಡದಲ್ಲಿದ್ದೂ ಬರೀ ನಕ್ಕು ಮುಂದೆ ಹೋಗುತ್ತಿದ್ದ ಎರಡನೇ ಮಹಡಿಯ ಧಾರವಾಡದ ಟೀಚರು ಬಾಗಿಲಲ್ಲೇ ನಿಂತು ಎರಡು ಮುಳ್ಕ ತಿಂದು, "ಇನ್ನೂ ಅದಾವೇನ್ರೀ?" ಎಂದರು. ಆ ಸಂಜೆ ನನಗೂ ಒಂದು ಪಟ್ಟಿ ಬೇಕೆನಿಸಿ ಕ್ಯಾಲೆಂಡರಿನ ಹಿಂಬದಿ ನೋಡಿದೆ. ಅಲ್ಲಿ ಜಾಹೀರಾತು ಅಚ್ಚಾಗಿತ್ತು.

ನಮ್ಮ ವಾಚ್‌ಮನ್ ಒಡಿಶಾದವನು. ಡಬ್ಬ ತೆರೆದವನೇ "ಪಣಸ!" ಎಂದು ಕೂಗಿದ. ಹಣ್ಣು ತಿಂದು ಮುಗಿಸಿ, ಸಂಕೋಚದಿಂದ, ಬೀಜ ಉಂಟಾ ಎಂದು ಕೇಳಿದ. ಅವರಲ್ಲಿ ಬೀಜದ ಪಲ್ಯವೇ ಹೆಚ್ಚು ಇಷ್ಟವಂತೆ. ಇಷ್ಟು ಜನರಲ್ಲಿ ಬೇಳೆ ಕೇಳಿದವನು ಅವನೊಬ್ಬನೇ. ಅರ್ಧ ಅವನಿಗೆ ಕೊಟ್ಟೆ.

ಉಳಿದರ್ಧವನ್ನು ಅಜ್ಜಿಯ ಕ್ರಮದಂತೆ ಬಾಲ್ಕನಿಯ ಖಾಲಿ ಕುಂಡದಲ್ಲಿ ಮಣ್ಣು ಮುಚ್ಚಿ ಇಟ್ಟೆ, ಮಳೆಗಾಲದ ಸಾಂಬಾರಿಗಾಯಿತೆಂದು. ಆಮೇಲೆ ಮರೆತೇಹೋಯಿತು. ಜುಲೈಯಲ್ಲಿ ಒಂದು ದಿನ ನುಗ್ಗೆಕಾಯಿ ತಂದು, ಜೊತೆಗೆ ಹಾಕೋಣವೆಂದು ಕುಂಡದ ಹತ್ತಿರ ಹೋದರೆ, ಹನ್ನೊಂದು ಮೊಳಕೆಗಳು ಎಳೆ ಎಲೆ ಬಿಡಿಸಿಕೊಂಡು ರಸ್ತೆ ನೋಡುತ್ತಾ ನಿಂತಿದ್ದವು. ಅಜ್ಜಿ ಬೇಳೆಯನ್ನು ಒಣಮಣ್ಣಿನಲ್ಲಿ ಇಡುತ್ತಿದ್ದರು. ನಾನು ಮಾತ್ರ ಪಕ್ಕದ ತುಳಸಿಗೆ ಹಾಕುವಾಗ ಅದಕ್ಕೂ ದಿನಾ ಒಂದು ಚೊಂಬು ನೀರು ಹಾಕಿದ್ದೆ.

ಕಿತ್ತೆಸೆಯಲು ಮನಸ್ಸು ಬರಲಿಲ್ಲ. ಹನ್ನೊಂದನ್ನೂ ಹಾಲಿನ ಪ್ಯಾಕೆಟ್ಟುಗಳಿಗೆ ಬದಲಿಸಿದ್ದೇನೆ. ಆಗಿನಿಂದ ಪರಿಚಯದವರಿಗೆಲ್ಲ ಫೋನು ಮಾಡುತ್ತಿದ್ದೇನೆ. ಮಕ್ಕಳ ಪರೀಕ್ಷೆ ಹೇಗಾಯಿತು, ಕಾವೇರಿ ನೀರು ಸರಿಯಾಗಿ ಬರ್ತದಾ ಎಂದೆಲ್ಲ ವಿಚಾರಿಸಿ, ಕೊನೆಗೆ ಈಗಷ್ಟೇ ನೆನಪಾದವಳಂತೆ, "ಅಂದ ಹಾಗೆ, ಹಲಸಿನ ಗಿಡ ಬೇಕಾ?" ಎನ್ನುತ್ತೇನೆ. ಇನ್ನೂ ಒಂಬತ್ತು ಉಳಿದಿವೆ.