ನಲ್ ಆಗದ ಪಾಯಿಂಟರ್‌ಗೆ ಯಾಕಿಷ್ಟು ಕಾವಲು?

ಮೊನ್ನೆ ಡೇಟಾಬೇಸ್‌ನ ಬಿ-ಟ್ರೀ ಇಂಡೆಕ್ಸ್ (ರೋಗಳನ್ನು ಬೇಗ ಹುಡುಕಿಕೊಡುವ ಮರದಂಥ ರಚನೆ) ಕೋಡ್‌ನಿಂದ ಮೂರೇ ಮೂರು ಸಾಲು ಅಳಿಸಿದೆ. 'ಪೇಜ್ ನಲ್ ಆಗಿದ್ದರೆ ಸುಮ್ನೆ ವಾಪಸ್ ಹೋಗು' ಅನ್ನುವ ಒಂದು ಚೆಕ್, ಅಷ್ಟೇ. (ಪೇಜ್ ಅಂದರೆ ಇಂಡೆಕ್ಸ್‌ನ ಒಂದು ತುಂಡು. ಅದು ಮೆಮೊರಿಯಲ್ಲಿ ಎಲ್ಲಿದೆ ಅಂತ ಹೇಳುವ ವಿಳಾಸವೇ ಪಾಯಿಂಟರ್. ಅದು ಏನನ್ನೂ ತೋರಿಸದಿದ್ದರೆ ನಲ್.) ರಿವ್ಯೂನಲ್ಲಿ 17 ಕಾಮೆಂಟ್ ಬಂದವು. ಹೆಚ್ಚುಕಮ್ಮಿ ಎಲ್ಲರದ್ದೂ ಒಂದೇ ಮಾತು: "ಇದ್ರೆ ನಿಮಗೇನು ತೊಂದರೆ? ಸೇಫ್ಟಿಗೆ ಇರ್ಲಿ ಬಿಡಿ."

ತೊಂದರೆ ಇದೆ. ಜಾಸ್ತಿನೇ ಇದೆ.

ಆ ಚೆಕ್ ಎಲ್ಲಿ ಕೂತಿತ್ತು ನೋಡಿ. ಹೊಸ ಕೀ ಸೇರಿಸುವಾಗ ಕೋಡ್ ರೂಟ್‌ನಿಂದ ಇಳಿಯುತ್ತಾ ಸರಿಯಾದ ಲೀಫ್ ಪೇಜ್ (ಮರದ ತುದಿಯ ಪೇಜ್) ಹುಡುಕುತ್ತದೆ. ಅದನ್ನು ಮೆಮೊರಿಯ ಬಫರ್‌ಗೆ ತಂದು, ಲಾಕ್ ಹಾಕಿ, ಆಮೇಲೆ ನಮ್ಮ ಫಂಕ್ಷನ್ ಕೈಗೆ ಕೊಡುತ್ತದೆ. ಪೇಜ್ ಓದಲು ಆಗದಿದ್ದರೆ ಅಲ್ಲೇ ಎರರ್ ಎಸೆದು ಟ್ರಾನ್ಸಾಕ್ಷನ್ ನಿಲ್ಲಿಸುತ್ತದೆ. ಅಂದರೆ ನಮ್ಮ ಹತ್ತಿರ ಬರುವ ಹೊತ್ತಿಗೆ ಪೇಜ್ ಇದ್ದೇ ಇರುತ್ತದೆ. ಇನ್ನೂ ತಮಾಷೆ ಅಂದರೆ, ಚೆಕ್‌ಗಿಂತ ಎರಡು ಸಾಲು ಮೇಲೆ ನಾವು ಅದೇ ಪೇಜಿನ ಹೆಡರ್ ಓದಿ ಎಷ್ಟು ಜಾಗ ಖಾಲಿ ಇದೆ ಅಂತ ಲೆಕ್ಕ ಹಾಕಿದ್ದೇವೆ! ಪೇಜ್ ನಲ್ ಆಗಿದ್ದರೆ ಪ್ರೋಗ್ರಾಂ ಅಲ್ಲೇ ಬಿದ್ದಿರುತ್ತಿತ್ತು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ, ಹಾಗಾಯಿತು.

ಕಂಪೈಲರ್‌ಗೂ ಇದು ಗೊತ್ತು. ಸಿ ಭಾಷೆಯಲ್ಲಿ ನಲ್ ಪಾಯಿಂಟರ್ ಹಿಂದೆ ಹೋಗಿ ಓದುವ ಹಾಗಿಲ್ಲ. ಹಾಗಾಗಿ ಒಮ್ಮೆ ಓದಿದಿರಿ ಅಂದರೆ ಅದು ನಲ್ ಅಲ್ಲ ಅಂತ ಜಿಸಿಸಿಯಂಥ ಕಂಪೈಲರ್ ತೀರ್ಮಾನಿಸಿ, ಕೆಳಗಿನ ಚೆಕ್ಕನ್ನೇ ಕಿತ್ತು ಹಾಕಬಹುದು. 2009ರಲ್ಲಿ ಲಿನಕ್ಸ್ ಕರ್ನಲ್‌ನ ಟನ್ ಅನ್ನುವ ನೆಟ್‌ವರ್ಕ್ ಡ್ರೈವರ್‌ನಲ್ಲಿ ಆಗಿದ್ದು ಇದೇ. ಮೊದಲು ಪಾಯಿಂಟರ್ ಹಿಂದೆ ಹೋಗಿ ಓದಿದ್ದರು, ಆಮೇಲೆ ನಲ್ ಚೆಕ್ ಇತ್ತು. ಕಂಪೈಲರ್ ಅದನ್ನು ತೆಗೆಯಿತು, ದೊಡ್ಡ ಸೆಕ್ಯುರಿಟಿ ತೂತು ಬಿತ್ತು. ಆ ಚೆಕ್ ಬೇಕಾಗಿತ್ತು, ನಿಜ. ಆದರೆ ಕೂತ ಜಾಗ ತಪ್ಪಿತ್ತು. ಓದಿದವರೆಲ್ಲ "ಚೆಕ್ ಇದೆಯಲ್ಲ" ಅಂದುಕೊಂಡು ಮುಂದೆ ಹೋಗಿರಬೇಕು.

ಒಂದು ಕಾಮೆಂಟ್ ಹೀಗಿತ್ತು: "ಕಾಲಮ್‌ನಲ್ಲೇ ನಲ್ ಇದ್ದರೆ?" ಅಯ್ಯೋ ದೇವರೇ. ಎಸ್‌ಕ್ಯೂಎಲ್‌ನ ನಲ್ (ಕಾಲಮ್‌ನಲ್ಲಿ ಬೆಲೆಯೇ ಇಲ್ಲ ಅನ್ನುವುದು) ಬೇರೆ, ಪಾಯಿಂಟರ್‌ನ ನಲ್ ಬೇರೆ. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಬಿ-ಟ್ರೀ ನಲ್ ಬೆಲೆಗಳನ್ನೂ ಇಂಡೆಕ್ಸ್‌ನಲ್ಲಿ ಇಡುತ್ತದೆ. ಟ್ಯೂಪಲ್‌ನಲ್ಲಿ (ಇಂಡೆಕ್ಸ್‌ನ ಒಂದು ನಮೂದಿನಲ್ಲಿ) ನಲ್ ಇದೆ ಅಂತ ಹೇಳಲು ಹೆಡರ್‌ನಲ್ಲಿ ಒಂದು ಬಿಟ್ ಇರುತ್ತದೆ. ಟ್ಯೂಪಲ್‌ನ ಪಾಯಿಂಟರ್ ಮಾತ್ರ ಗಟ್ಟಿಯಾಗಿಯೇ ಇರುತ್ತದೆ. ಎರಡಕ್ಕೂ ಒಂದೇ ಹೆಸರಿಟ್ಟವರನ್ನು ಬೈಯಬೇಕು.

ಹಾಗಂತ ಕಂಡ ಕಂಡ ಚೆಕ್ ಎಲ್ಲ ಅಳಿಸಿ ಅಂತ ನಾನು ಹೇಳುತ್ತಿಲ್ಲ. ಪೋಸ್ಟ್‌ಗ್ರೆಸ್‌ನಲ್ಲೇ ನೋಡಿ. ಅಲ್ಲಿ ಮೆಮೊರಿ ಕೇಳುವ ಪಿಅಲಾಕ್, ಮೆಮೊರಿ ಸಿಗದಿದ್ದರೆ ನಲ್ ಕೊಡುವುದಿಲ್ಲ, ಎರರ್ ಎಸೆಯುತ್ತದೆ. ಮೆಮೊರಿ ಸಿಗದಿದ್ದರೆ ನಲ್ ಕೊಡುವ ಸಿ ಭಾಷೆಯ ಮ್ಯಾಲಾಕ್‌ನ ಅಭ್ಯಾಸದಿಂದ ಅದರ ಕೆಳಗೆ ಚೆಕ್ ಬರೆದರೆ ಅದು ಯಾವತ್ತೂ ಓಡದ ಕೋಡ್. ಆದರೆ ಮೆಮೊರಿ ವಾಪಸ್ ಕೊಡುವಾಗ ಕಥೆ ಉಲ್ಟಾ. ಸಿ ಭಾಷೆಯ ಫ್ರೀಗೆ ನಲ್ ಕೊಟ್ಟರೆ ಏನೂ ಆಗಲ್ಲ, ಪೋಸ್ಟ್‌ಗ್ರೆಸ್‌ನ ಪಿಫ್ರೀಗೆ ಕೊಡುವ ಹಾಗಿಲ್ಲ. ಅಲ್ಲಿ ಪಾಯಿಂಟರ್ ಖಾಲಿ ಇರಬಹುದಾದರೆ ಚೆಕ್ ಬೇಕೇ ಬೇಕು. ಯಾವ ಫಂಕ್ಷನ್ ಏನು ಮಾತು ಕೊಟ್ಟಿದೆ ಅಂತ ಓದಿ ತಿಳಿದುಕೊಳ್ಳಬೇಕು. ಅದು ಸೋಮಾರಿತನಕ್ಕೆ ಆಗದ ಕೆಲಸ, ಅದಕ್ಕೇ ಎಲ್ಲ ಕಡೆ ಚೆಕ್ ಚಿಮುಕಿಸುತ್ತೇವೆ.

ನನಗೆ ಈ ಹಟ ಬಂದಿದ್ದು ಸುಮ್ಮನೆ ಅಲ್ಲ. ಹಿಂದೆ ಕೆಲಸ ಮಾಡುತ್ತಿದ್ದ ಕಡೆ ನಮ್ಮದೇ ಒಂದು ಸ್ಟೋರೇಜ್ ಎಂಜಿನ್ ಇತ್ತು. ಒಂದು ದಿನ ವಿಚಿತ್ರ ದೂರು ಬಂತು. ಐಡಿ ಕೊಟ್ಟು ಹುಡುಕಿದರೆ ರೋ ಸಿಗಲ್ಲ. ಪೂರ್ತಿ ಟೇಬಲ್ ಸ್ಕ್ಯಾನ್ ಮಾಡಿದರೆ ಅದೇ ರೋ ಕಣ್ಣೆದುರಿಗೇ ಇದೆ. ಅಷ್ಟೇ ಅಲ್ಲ, ಯೂನೀಕ್ ಇಂಡೆಕ್ಸ್ ಇದ್ದೂ ಅದೇ ಐಡಿಯ ಇನ್ನೊಂದು ರೋ ಒಳಗೆ ಬಂದು ಕೂತಿದೆ! ಡಿಸ್ಕ್ ಮೇಲೆ ಅನುಮಾನ ಪಟ್ಟೆವು, ಲಾಕ್ ಮೇಲೆ ಪಟ್ಟೆವು, ಒಬ್ಬರ ಮೇಲೊಬ್ಬರು ಪಟ್ಟೆವು. ಒಂಬತ್ತು ದಿನ.

ಕೊನೆಗೆ ಸಿಕ್ಕಿದ್ದು ಇಷ್ಟು. ಕೀ ಇರುವ ಟ್ಯೂಪಲ್ ಕಟ್ಟುವ ಫಂಕ್ಷನ್‌ನಲ್ಲಿ ಒಂದು ಬಗ್ ಇತ್ತು, ಅಪರೂಪಕ್ಕೊಮ್ಮೆ ನಲ್ ಕೊಡುತ್ತಿತ್ತು. ಇಂಡೆಕ್ಸ್‌ಗೆ ಸೇರಿಸುವ ಫಂಕ್ಷನ್‌ನ ತಲೆಯಲ್ಲಿ ಯಾರೋ ಪುಣ್ಯಾತ್ಮ 'ಟ್ಯೂಪಲ್ ನಲ್ ಆದರೆ ಓಕೆ ಅಂತ ರಿಟರ್ನ್ ಮಾಡು' ಅಂತ ಬರೆದಿದ್ದ. ರೋ ಟೇಬಲ್‌ಗೆ ಹೋಯಿತು, ಇಂಡೆಕ್ಸ್‌ಗೆ ಹೋಗಲಿಲ್ಲ, ಎಲ್ಲರಿಗೂ 'ಓಕೆ' ಸಿಕ್ಕಿತು. ಆ ಚೆಕ್ ಇಲ್ಲದಿದ್ದರೆ ಮೊದಲ ದಿನವೇ ಕ್ರ್ಯಾಶ್ ಆಗುತ್ತಿತ್ತು, ಸ್ಟ್ಯಾಕ್ ಟ್ರೇಸ್ ಸಾಲಿನ ನಂಬರ್ ಸಮೇತ ತೋರಿಸುತ್ತಿತ್ತು. ಬೇರೆ ಪ್ರೋಗ್ರಾಂನಲ್ಲಿ ಹೇಗೋ ಏನೋ, ಇಂಡೆಕ್ಸ್‌ನಲ್ಲಿ ಮಾತ್ರ ಬೀಳುವುದಕ್ಕಿಂತ ಬಾಯಿ ಮುಚ್ಚಿಕೊಂಡು ತಪ್ಪು ಉತ್ತರ ಕೊಡುವುದು ಕೆಟ್ಟದ್ದು. ಇಂಡೆಕ್ಸ್ 'ಇಲ್ಲ' ಅಂದರೆ ಯಾರೂ ಮತ್ತೆ ಟೇಬಲ್ ಹುಡುಕಿ ನೋಡಲ್ಲ, ಅಲ್ವಾ?

ಇನ್ನೊಂದು ಕಾಟ. ಚೆಕ್ ನೋಡಿದ ಹೊಸಬರು "ಓ, ಇಲ್ಲಿ ನಲ್ ಬರಬಹುದು" ಅಂತ ನಂಬುತ್ತಾರೆ. ಕೆಳಗಿನ ಮೂರು ಫಂಕ್ಷನ್‌ಗೂ ಅದನ್ನೇ ಅಂಟಿಸುತ್ತಾರೆ. ಆಮೇಲೆ ಅದಕ್ಕೊಂದು ಎರರ್ ಕೋಡ್, ಆ ಕೋಡ್ ನೋಡಿಕೊಳ್ಳಲು ಇನ್ನೊಂದು ಚೆಕ್. ಇದ್ಯಾವುದನ್ನೂ ಟೆಸ್ಟ್ ಮಾಡಲು ಆಗಲ್ಲ, ಯಾಕೆಂದರೆ ಆ ದಾರಿಗೆ ಯಾರೂ ಹೋಗುವುದೇ ಇಲ್ಲ.

ಎಸ್‌ಕ್ಯೂಲೈಟ್ ಡೇಟಾಬೇಸ್‌ನವರು ಇದಕ್ಕೆ ಒಳ್ಳೆ ಉಪಾಯ ಮಾಡಿದ್ದಾರೆ. ಅವರ ಕೋಡ್‌ನಲ್ಲಿ 'ಆಲ್ವೇಸ್', 'ನೆವರ್' ಅಂತ ಎರಡು ಮ್ಯಾಕ್ರೋ ಇವೆ. ಇದು ಯಾವತ್ತೂ ನಿಜ, ಇದು ಯಾವತ್ತೂ ಆಗಲ್ಲ ಅಂತ ಬಾಯಿಬಿಟ್ಟು ಹೇಳುವುದು. ಡೀಬಗ್ ಬಿಲ್ಡ್‌ನಲ್ಲಿ ಮಾತು ಸುಳ್ಳಾದರೆ ಅಸರ್ಟ್ (ಪ್ರೋಗ್ರಾಂ ಅನ್ನು ಅಲ್ಲೇ ನಿಲ್ಲಿಸುವ ಪರೀಕ್ಷೆ) ಫೇಲ್ ಆಗುತ್ತದೆ. ಬಿಡುಗಡೆಯ ಬಿಲ್ಡ್‌ನಲ್ಲಿ ಚೆಕ್ ಮಾಮೂಲಿನಂತೆ ಕೆಲಸ ಮಾಡುತ್ತದೆ. ಭಯ ಇದ್ದರೆ ಹೀಗೆ ಇಡಿ, ನನ್ನದೇನೂ ತಕರಾರಿಲ್ಲ.

ನಾನೂ ಕೊನೆಗೆ ಆ ಮೂರು ಸಾಲಿನ ಬದಲು, ಹೆಡರ್ ಓದುವುದಕ್ಕಿಂತ ಮುಂಚೆ, ಒಂದು ಅಸರ್ಟ್ ಹಾಕಿದೆ. 16 ಕಾಮೆಂಟ್ ಮುಚ್ಚಿದವು. ಉಳಿದ ಒಂದು ಇನ್ನೂ ಹಾಗೇ ಇದೆ: "ಸರ್, ಅಸರ್ಟ್ ಫೇಲ್ ಆಗದ ಹಾಗೆ ಅದರ ಮೇಲೊಂದು ನಲ್ ಚೆಕ್ ಹಾಕೋಣ್ವಾ?"