ಪಂಚ್ ಮಾಡೋ ಮುಂಚಿನ ದುಡಿಮೆ

ಸಂಬಳ ಜಾಸ್ತಿ ಆದರೆ ಬಸ್ಸು ಬಿಟ್ಟು ಬೈಕು, ಬೈಕು ಬಿಟ್ಟು ಕಾರು. ಕೆಲಸಕ್ಕೆ ಓಡಾಡೋದರ ಬಗ್ಗೆ ನಮ್ಮ ತಿಳಿವಳಿಕೆ ಸಾಮಾನ್ಯವಾಗಿ ಇಷ್ಟೇ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂದ ಹಾಗೆ, ದುಡಿದಷ್ಟು ಗಾಡಿ. ಸುಳ್ಳೇನಲ್ಲ. ಆದರೆ ಇದನ್ನೇ ಉಲ್ಟಾ ಓದಿ ನೋಡಿ. ನಮಗೆ ಹೇಗೆ ಹೋಗಿ ಬರೋಕೆ ಆಗುತ್ತದೆ ಅನ್ನೋದರ ಮೇಲೆ ಎಂಥ ಕೆಲಸ ಸಿಗುತ್ತದೆ ಅನ್ನೋದು ನಿಂತಿದೆ. ಸಂಬಳ ಆಮೇಲಿನ ಮಾತು.

ಕೆಲಸದ ಜಾಹೀರಾತುಗಳನ್ನೇ ನೋಡಿ. ‘ಸ್ವಂತ ವಾಹನ ಇರಬೇಕು, ಲೈಸೆನ್ಸ್ ಕಡ್ಡಾಯ.’ ಮೊದಲ ಸಂಬಳವೇ ಕೈಗೆ ಬಂದಿಲ್ಲ, ಗಾಡಿ ಎಲ್ಲಿಂದ ತರೋದು? ಇಂಟರ್‌ವ್ಯೂನಲ್ಲಿ ‘ಮನೆ ಎಲ್ಲಿ ನಿಮ್ಮದು?’ ಅಂತ ಕೇಳುತ್ತಾರಲ್ಲ, ಅದನ್ನೂ ಸುಮ್ನೆ ಕೇಳೋದಿಲ್ಲ. ಎರಡು ಬಸ್ಸು ಬದಲಾಯಿಸಿ ಬರಬೇಕು ಅಂದ ಕೂಡಲೇ ಎದುರಿಗೆ ಕೂತವರ ಪೆನ್ನು ನಿಲ್ಲುತ್ತದೆ.

ಜಾನ್ ಕೇನ್ ಅನ್ನೋ ಅಮೆರಿಕದ ಅರ್ಥಶಾಸ್ತ್ರಜ್ಞ 1968ರಲ್ಲೇ ಇದನ್ನು ಷಿಕಾಗೋ ಮತ್ತು ಡೆಟ್ರಾಯಿಟ್ ನಗರಗಳ ಲೆಕ್ಕ ಇಟ್ಟುಕೊಂಡು ತೋರಿಸಿದ್ದರು. ಫ್ಯಾಕ್ಟರಿಗಳು ಊರಾಚೆಗೆ ಹೊರಟವು. ಕಪ್ಪು ಜನರಿಗೆ ಅಲ್ಲಿ ಮನೆ ಕೊಡುವವರಿರಲಿಲ್ಲ. ಮನೆ ಇಲ್ಲಿ, ಕೆಲಸ ಅಲ್ಲಿ, ನಡುವಿನ ಓಡಾಟ ದುಬಾರಿ. ಕೊನೆಗೆ ಕೆಲಸವೇ ಕೈತಪ್ಪುತ್ತಿತ್ತು. ಇಂಥವರನ್ನು ನೋಡಿ ‘ದುಡಿಯೋಕೆ ಮನಸ್ಸಿಲ್ಲ’ ಅನ್ನುವವರು ಆಗಲೂ ಇದ್ದರು, ಈಗಲೂ ಇದ್ದಾರೆ.

ಒಂದು ಸಣ್ಣ ಲೆಕ್ಕ ಮಾಡೋಣ. ಒಬ್ಬರದು ಎಂಟು ಗಂಟೆಯ ಕೆಲಸ. ಹೋಗಿ ಬರೋಕೆ ಒಟ್ಟು ಮೂರು ಗಂಟೆ. ಅಲ್ಲಿಗೆ ದಿನದಲ್ಲಿ ಕೆಲಸಕ್ಕೆ ಅಂತ ಕೊಟ್ಟಿದ್ದು ಹನ್ನೊಂದು ಗಂಟೆ, ಕೂಲಿ ಸಿಗೋದು ಎಂಟಕ್ಕೆ. ಈಗ ಬಸ್ ಚಾರ್ಜಿಗೆ ದಿನದ ಕೂಲಿಯ ಎಂಟನೇ ಒಂದು ಪಾಲು ಹೋಗುತ್ತದೆ ಅಂದುಕೊಳ್ಳಿ. ಉಳಿದದ್ದು ಏಳು ಗಂಟೆಯ ಕೂಲಿ. ಹನ್ನೊಂದು ಗಂಟೆಗೆ ಹಂಚಿದರೆ, ಕಾಗದದ ಮೇಲಿನ ಕೂಲಿಯಲ್ಲಿ ನಿಜವಾಗಿ ದಕ್ಕೋದು ಶೇ 64 ಮಾತ್ರ. ಪಕ್ಕದ ಬೀದಿಯಿಂದ ನಡೆದುಕೊಂಡು ಬರುವವರಿಗೂ ಇವರಿಗೂ ಸಂಬಳದ ಚೀಟಿಯಲ್ಲಿ ಒಂದೇ ಮೊತ್ತ ಇರುತ್ತದೆ. ಇಬ್ಬರ ಸಂಬಳವೂ ಒಂದೇ ಅಂತ ಹೇಗೆ ಹೇಳೋದು?

ಮನುಷ್ಯರು ಎಲ್ಲಿದ್ದರೂ ದಿನಕ್ಕೆ ಸುಮಾರು ಒಂದು ಗಂಟೆಯನ್ನು ಓಡಾಟಕ್ಕೆ ಕೊಡುತ್ತಾರೆ ಅಂತ ಇಟಲಿಯ ಭೌತವಿಜ್ಞಾನಿ ಚೆಸಾರೆ ಮಾರ್ಕೆಟ್ಟಿ 1994ರಲ್ಲಿ ಬರೆದಿದ್ದರು. ಅದು ಇಂದಿಗೂ ತುಂಬಾ ಓಡುವ ಮಾತು. ಆದರೆ ಸರಾಸರಿ ಅನ್ನೋದೇ ಒಂದು ಮೋಸ. ಒಬ್ಬ ಇಪ್ಪತ್ತು ನಿಮಿಷದಲ್ಲಿ ಎ.ಸಿ. ಕಾರಿನಿಂದ ಇಳಿಯುತ್ತಾನೆ, ಇನ್ನೊಬ್ಬ ನೂರು ನಿಮಿಷ ಕಂಬಿ ಹಿಡಿದು ನಿಲ್ಲುತ್ತಾನೆ. ಇಬ್ಬರ ಸರಾಸರಿ ಒಂದು ಗಂಟೆ!

ನನ್ನ ಪ್ರಕಾರ ಗಂಟೆಗಳಿಗಿಂತ ಹೆಚ್ಚು ಹಿಂಸೆ ಕೊಡೋದು ‘ಬರುತ್ತೋ ಇಲ್ಲವೋ’ ಅನ್ನೋ ಅನುಮಾನ. ನಾನು ಹಿಂದೆ ಇದ್ದ ಒಂದು ಆಫೀಸಿನ ಮಾತು. ನಮ್ಮಂಥವರು ಬರುವ ಹೊತ್ತಿಗೆ ಟೇಬಲ್ ಒರೆಸಿ, ಡಸ್ಟ್‌ಬಿನ್ ಖಾಲಿ ಮಾಡಿ ಆಗಿರಬೇಕು. ಅದಕ್ಕೆ ಹೌಸ್‌ಕೀಪಿಂಗ್‌ನವರು ಬೆಳಕು ಹರಿಯೋ ಮುಂಚೆಯೇ ಬಂದು ಬೆರಳೊತ್ತಬೇಕಿತ್ತು. ಬಸ್ಸು ಕೈಕೊಟ್ಟು ಹತ್ತು ನಿಮಿಷ ತಡವಾದರೆ ಅರ್ಧ ದಿನದ ಕೂಲಿ ಕಟ್. ಹಾಗಾಗಿ ಅವರಲ್ಲೊಬ್ಬ ಅಕ್ಕ ಒಂದು ಬಸ್ಸು ಮುಂಚೆಯೇ ಹೊರಟು ಬಂದು, ಗೇಟಿನ ಹತ್ತಿರ ಸೆಕ್ಯುರಿಟಿಯವರ ಕುರ್ಚಿ ಪಕ್ಕ ಚೀಲ ಇಟ್ಟುಕೊಂಡು ಕೂತಿರುತ್ತಿದ್ದರು. ಬೇಗ ಬೆರಳೊತ್ತೋ ಹಾಗಿಲ್ಲ, ಮಷೀನು ತೆಗೆದುಕೊಳ್ಳೋದಿಲ್ಲ. ತಡವಂತೂ ಆಗೋ ಹಾಗೇ ಇಲ್ಲ. ನಮ್ಮ ಮ್ಯಾನೇಜರು ಹತ್ತೂವರೆಗೆ ಕಾರಿನ ಕೀ ತಿರುಗಿಸುತ್ತಾ ಬಂದು ‘ಅಯ್ಯೋ, ಏನ್ ಟ್ರಾಫಿಕ್ಕು ಮಾರಾಯ್ರೇ’ ಅಂದರೆ ಎಲ್ಲರೂ ಹೌದೌದು ಅಂತ ತಲೆ ಆಡಿಸುತ್ತಿದ್ದರು. ಒಂದೇ ರಸ್ತೆ, ಒಂದೇ ಟ್ರಾಫಿಕ್ಕು, ಅಲ್ವಾ?

ಆ ಅಕ್ಕ ಗೇಟಿನ ಹತ್ತಿರ ಕೂತು ಕಳೆದ ಹೊತ್ತು ಯಾವ ಲೆಕ್ಕಕ್ಕೂ ಬರೋದಿಲ್ಲ. ಓಡಾಟದ ಸಮಯಕ್ಕೆ ಬೆಲೆ ಕಟ್ಟುವವರು ಇಲ್ಲ ಅಂತಲ್ಲ. ಹೊಸ ರಸ್ತೆ, ಸೇತುವೆ ಮಾಡುವಾಗ ಎಷ್ಟು ಸಮಯ ಉಳಿಯುತ್ತದೆ, ಅದರ ಬೆಲೆ ಎಷ್ಟು ಅಂತ ಲೆಕ್ಕ ಹಾಕುತ್ತಾರೆ. ಅಮೆರಿಕದ ಅರ್ಥಶಾಸ್ತ್ರಜ್ಞ ಗ್ಯಾರಿ ಬೆಕರ್ 1965ರಲ್ಲಿ ಸಮಯದ ಬಗ್ಗೆ ಬರೆದ ಲೇಖನದ ನಂತರ, ಒಬ್ಬರ ಸಮಯದ ಬೆಲೆಯನ್ನು ಅವರ ಗಳಿಕೆಗೆ ತಳಕು ಹಾಕೋದು ಅರ್ಥಶಾಸ್ತ್ರದಲ್ಲಿ ಮಾಮೂಲಾಯಿತು. ಕೇಳೋಕೆ ಸರಿಯಾಗೇ ಇದೆ. ಆದರೆ ಇದನ್ನು ಹಾಗೇ ಬಿಟ್ಟರೆ ಏನಾಗುತ್ತದೆ? ಹತ್ತು ಪಟ್ಟು ಸಂಬಳದವನ ಐದು ನಿಮಿಷ, ಕಡಿಮೆ ಕೂಲಿಯವಳ ಐವತ್ತು ನಿಮಿಷಕ್ಕೆ ಸಮ. ಲೆಕ್ಕದಲ್ಲಿ ಫ್ಲೈಓವರ್ ಗೆಲ್ಲುತ್ತದೆ, ಬಸ್ಸು ಸೋಲುತ್ತದೆ. ಬಡವರ ಸಮಯ ಅಗ್ಗ ಅಂತ ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ, ಅದು ಲೆಕ್ಕದೊಳಗೇ ಕೂತಿರುತ್ತದೆ. ಬ್ರಿಟನ್ನಿನಲ್ಲಿ ಸರ್ಕಾರಿ ಯೋಜನೆಗಳಿಗೆ ಲೆಕ್ಕ ಹಾಕುವಾಗ, ಮನೆಯಿಂದ ಕೆಲಸಕ್ಕೆ ಹೋಗಿ ಬರುವ ಸಮಯಕ್ಕೆ ಶ್ರೀಮಂತ ಬಡವ ಅನ್ನದೆ ಒಂದು ಸರಾಸರಿ ಬೆಲೆ ಹಿಡಿಯುತ್ತಾರೆ. ಎಲ್ಲ ಕಡೆಯೂ ಕನಿಷ್ಠ ಇಷ್ಟಾದರೂ ಇರಬೇಕು.

‘ಬಸ್ಸು ಬಡವರದ್ದು, ಕಾರು ಶ್ರೀಮಂತರದ್ದು’ ಅನ್ನೋ ಸರಳ ಮಾತೂ ಪೂರ್ತಿ ನಿಲ್ಲೋದಿಲ್ಲ. ಅಮೆರಿಕದಲ್ಲಿ ದೂರದ ಬಡಾವಣೆಗಳಿಂದ ರೈಲಿನಲ್ಲಿ ನಗರಕ್ಕೆ ಬರುವವರ ಸಂಬಳ ಕಾರಿನಲ್ಲಿ ಬರುವವರಿಗಿಂತ ಸಾಮಾನ್ಯವಾಗಿ ಜಾಸ್ತಿ. ಅಲ್ಲೇ ಸಿಟಿ ಬಸ್ಸಿನವರದ್ದು ಇವರಿಬ್ಬರಿಗಿಂತಲೂ ಕೆಳಗೆ. ಎರಡೂ ಸಾರ್ವಜನಿಕ ಸಾರಿಗೆಯೇ. ನೆದರ್‌ಲೆಂಡ್ಸ್‌ನಲ್ಲಂತೂ ಸೈಕಲ್ ತುಳಿಯುವವರನ್ನು ನೋಡಿ ಸಂಬಳ ಊಹಿಸೋಕೆ ಹೋದರೆ ಮುಗೀತು. ದಾರಿ ಚೆನ್ನಾಗಿದ್ದು, ಹೊತ್ತಿಗೆ ಸರಿಯಾಗಿ ತಲುಪೋ ಹಾಗಿದ್ದರೆ ದುಡ್ಡಿದ್ದವರೂ ಕಾರನ್ನು ಮನೆಯಲ್ಲೇ ಬಿಡುತ್ತಾರೆ.

ಕೋವಿಡ್ ಬಂದ ಮೇಲೆ ಸಾಲಿಗೆ ಇನ್ನೊಂದು ಗುಂಪು ಸೇರಿತು. ಓಡಾಟವೇ ಬೇಡದವರು. ಅಮೆರಿಕದಲ್ಲಿ 2019ರಲ್ಲಿ ಮನೆಯಿಂದ ಕೆಲಸ ಮಾಡುವವರು ಶೇ 5.7 ಇದ್ದರು, 2021ಕ್ಕೆ ಅದು ಶೇ 17.9 ಆಯಿತು. ಸ್ಕ್ರೀನ್ ಮುಂದೆ ಕೂತು ದುಡಿಯುವವರು, ಅಂದರೆ ಹೆಚ್ಚಾಗಿ ಒಳ್ಳೆ ಸಂಬಳದವರು, ದಾರಿಯ ಖರ್ಚಿನಿಂದಲೂ ಬಚಾವ್. ನೆಲ ಒರೆಸೋದನ್ನು, ಪಾರ್ಸೆಲ್ ಹಂಚೋದನ್ನು, ರೋಗಿಯನ್ನು ಹೊರಳಿಸಿ ಮಲಗಿಸೋದನ್ನು ಲ್ಯಾಪ್‌ಟಾಪಿನಲ್ಲಿ ಮಾಡೋಕಾಗಲ್ಲ. ನಾನೂ ಮನೆಯಿಂದಲೇ ಕೆಲಸ ಮಾಡುವವನು, ಹೊಟ್ಟೆಕಿಚ್ಚಿನಿಂದ ಹೇಳುತ್ತಿಲ್ಲ.

‘ಅಷ್ಟು ಕಷ್ಟ ಆದರೆ ಕೆಲಸದ ಹತ್ತಿರವೇ ಮನೆ ಮಾಡಲಿ’ ಅಂತ ಕಾಮೆಂಟಿನಲ್ಲಿ ಯಾರಾದರೂ ಬರೆದೇ ಬರೆಯುತ್ತಾರೆ. ಹತ್ತಿರದ ಮನೆಯ ಬಾಡಿಗೆ ಕೇಳಿದ್ದೀರಾ? ದಾರಿಯಲ್ಲಿ ಉಳಿದದ್ದನ್ನೆಲ್ಲ ಓನರ್ ನುಂಗುತ್ತಾನೆ. ಗಂಡ ಒಂದು ಕಡೆ, ಹೆಂಡತಿ ಇನ್ನೊಂದು ಕಡೆ ದುಡಿಯುತ್ತಿದ್ದರೆ ಯಾರ ಕೆಲಸದ ಹತ್ತಿರ ಮಾಡಬೇಕು? ಕಾಂಟ್ರಾಕ್ಟ್ ಬದಲಾದ ಹಾಗೆ ಸೈಟ್ ಬದಲಾಗುವವರು ಏನು ಮಾಡಬೇಕು?

ಲಕ್ಸೆಂಬರ್ಗ್ 2020ರಲ್ಲಿ ದೇಶದ ಬಸ್ಸು, ಟ್ರಾಮು, ರೈಲು ಎಲ್ಲವನ್ನೂ ಉಚಿತ ಮಾಡಿತು, ಫಸ್ಟ್ ಕ್ಲಾಸ್ ರೈಲು ಬಿಟ್ಟು. ಒಳ್ಳೆಯದೇ. ಆದರೆ ಟಿಕೆಟ್ ಫ್ರೀ ಮಾಡೋದೋ, ಹತ್ತು ನಿಮಿಷಕ್ಕೊಂದು ಬಸ್ಸು ಬಿಡೋದೋ, ಒಂದೇ ಆರಿಸಿ ಅಂದರೆ ನಾನು ಬಸ್ಸನ್ನೇ ಆರಿಸುತ್ತೇನೆ. ರಾತ್ರಿ ಪಾಳಿ ಮುಗಿಸಿದವರಿಗೆ ಬಸ್ಸೇ ಇಲ್ಲದಿದ್ದರೆ ಉಚಿತ ಟಿಕೆಟ್ ತಗೊಂಡು ಏನು ಮಾಡೋದು.

ಕೆಲಸ ಕೊಡುವವರ ಪಾಲೂ ಇದೆ. ಫ್ರಾನ್ಸಿನಲ್ಲಿ ನೌಕರರ ಬಸ್ಸು-ರೈಲು ಪಾಸಿನ ಅರ್ಧ ದುಡ್ಡನ್ನು ಕಂಪನಿ ಕೊಡಲೇಬೇಕು ಅಂತ ಕಾನೂನಿದೆ. ಜರ್ಮನಿಯವರು ಕಿಲೋಮೀಟರ್ ಲೆಕ್ಕದಲ್ಲಿ ಆದಾಯ ತೆರಿಗೆಯಲ್ಲಿ ವಿನಾಯಿತಿ ಕೊಡುತ್ತಾರೆ. ಇದು ನನಗೆ ಅಷ್ಟಾಗಿ ಹಿಡಿಸೋದಿಲ್ಲ. ಹೆಚ್ಚು ತೆರಿಗೆ ಕಟ್ಟುವವರಿಗೆ ಅದರಲ್ಲಿ ಹೆಚ್ಚು ಉಳಿತಾಯ, ತೆರಿಗೆ ಕಟ್ಟುವಷ್ಟು ಸಂಬಳವೇ ಇಲ್ಲದವರಿಗೆ ಹೆಚ್ಚೇನೂ ದಕ್ಕೋದಿಲ್ಲ.

ಒಂದು ಪೈಸೆ ಖರ್ಚಿಲ್ಲದ ಕೆಲಸವೂ ಇದೆ. ಬಸ್ಸಿನ ವೇಳಾಪಟ್ಟಿ ಮುಂದಿಟ್ಟುಕೊಂಡು ಶಿಫ್ಟ್ ಟೈಮ್ ಅರ್ಧ ಗಂಟೆ ಹಿಂದೆ ಮುಂದೆ ಮಾಡೋದು. ಹತ್ತು ನಿಮಿಷ ತಡವಾದರೆ ಸಂಜೆ ಹತ್ತು ನಿಮಿಷ ಜಾಸ್ತಿ ಇದ್ದು ಹೋಗೋಕೆ ಬಿಡೋದು. ನಿಮ್ಮಲ್ಲಿ ಎಚ್ಆರ್‌ನವರು ಇದ್ದರೆ ಕೇಳಬೇಕು ಅಂತಿದ್ದೆ: ನಿಮ್ಮ ಕಂಪನಿಯ ಕ್ಯಾಬು, ಓಡಾಟದ ಭತ್ಯೆ, ತಡವಾಗಿ ಬಂದರೆ ಸಿಗೋ ರಿಯಾಯಿತಿ, ಇವೆಲ್ಲ ಗುತ್ತಿಗೆಯ ಮೇಲೆ ಇರುವ ಹೌಸ್‌ಕೀಪಿಂಗ್, ಸೆಕ್ಯುರಿಟಿಯವರಿಗೂ ಇದೆಯಾ? ಕಾಮೆಂಟಿನಲ್ಲಿ ಹೇಳಿ, ಕಂಪನಿ ಹೆಸರು ಬೇಡ.