ಹೊಸ ಗಾಡಿಗೆ ಆಗ್ಲೇ ತುಕ್ಕಾ?

ಭಾನುವಾರ ಬೆಳಿಗ್ಗೆ ಕಾರು ತೊಳೆದೆ. ಸೋಮವಾರ ಬೆಳಿಗ್ಗೆ ಹಾಲು ತರೋಣ ಅಂತ ಗೇಟು ತೆಗೆದರೆ, ನಾಲ್ಕೂ ಚಕ್ರದೊಳಗೆ ಯಾರೋ ರಾತ್ರಿ ಬಂದು ಕೆಮ್ಮಣ್ಣು ಬಳಿದು ಹೋದ ಹಾಗಿತ್ತು. ಹೈಬ್ರಿಡ್ ಕಾರು, ಎಂಜಿನ್ನೂ ಇದೆ, ಕರೆಂಟು ಮೋಟಾರೂ ಇದೆ. ಅದಕ್ಕೆ ಇನ್ನೂ ಎಂಟು ತಿಂಗಳು. ತೊಳೆದದ್ದು ಬೇರೆ ಯಾರೋ ಅಲ್ಲ, ನಾನೇ. ಎರಡು ಬಕೆಟ್ ಬೋರ್‌ವೆಲ್ ನೀರು, ಒಂದು ಹಳೇ ಬನಿಯನ್ನು, ಆಮೇಲೆ ಇಡೀ ದಿನ ಸೊಂಟ ನೋವು. ಅಷ್ಟಕ್ಕೆ ಸಿಕ್ಕ ಬಹುಮಾನ ಇದು.

ನಾನೊಬ್ಬನೇ ನೋಡಿದ್ದರೆ ಸುಮ್ಮನಿರುತ್ತಿದ್ದೆ. ಆದರೆ ಅದೇ ಹೊತ್ತಿಗೆ ಎದುರು ಮನೆ ಮೇಷ್ಟ್ರು ಅಮಾನಿಕೆರೆ ಸುತ್ತಿಕೊಂಡು ವಾಪಸ್ ಬಂದರು. ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡುತ್ತಿದ್ದವರು. ರಿಟೈರ್ ಆಗಿ ಹತ್ತು ವರ್ಷವಾದರೂ ಕಂಡದ್ದಕ್ಕೆಲ್ಲ ಕೆಂಪು ಶಾಯಿ ಎಳೆಯುವ ಅಭ್ಯಾಸ ಹೋಗಿಲ್ಲ. ಮಂಡಿ ಮೇಲೆ ಕೈಯಿಟ್ಟು ಬಗ್ಗಿ, ಅಲಾಯ್ ಚಕ್ರದ ಸಂದಿಯಲ್ಲಿ ಉತ್ತರ ಪತ್ರಿಕೆ ನೋಡುವ ಹಾಗೆ ಇಣುಕಿ, "ಏನ್ ಸಾರ್, ಹೊಸ ಗಾಡಿಗೆ ಆಗ್ಲೇ ತುಕ್ಕಾ?" ಅಂದರು. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ತಮ್ಮ ಮಗನ ಬೈಕಿನ ಕಡೆ ಕೈ ತೋರಿಸಿ, "ನೋಡಿ, ಇದಕ್ಕೂ ಡಿಸ್ಕ್ ಬ್ರೇಕೇ. ಮೂರು ವರ್ಷ ಆಯ್ತು, ಮಳೇಲಿ ನಿಲ್ಲುತ್ತೆ, ಕನ್ನಡಿ ಥರ ಇದೆ" ಅಂದರು.

ಇತ್ತು, ನಿಜ. ಕನ್ನಡಿ ಥರಾನೇ ಇತ್ತು.

ನಮ್ಮದು ಮಂಗಳೂರಾಗಿದ್ದರೆ ಉಪ್ಪುಗಾಳಿ ಅಂತ ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಹಿಮ ಬೀಳುವ ದೇಶಗಳಲ್ಲಾದರೆ ರಸ್ತೆಗೆ ಉಪ್ಪು ಎರಚುತ್ತಾರಂತೆ, ಹಿಮ ಕರಗಲಿ ಅಂತ. ಅಲ್ಲಿ ಬ್ರೇಕಿಗೆ ತುಕ್ಕು ಹಿಡಿದರೆ ಯಾರೂ ತಿರುಗಿ ನೋಡುವುದಿಲ್ಲ. ತುಮಕೂರಿನಲ್ಲಿ ಸಮುದ್ರವೂ ಇಲ್ಲ, ಹಿಮವೂ ಇಲ್ಲ. ಇರುವುದು ಮೇಷ್ಟ್ರು.

ಮರುದಿನವೇ ಸರ್ವಿಸ್ ಸೆಂಟರಿಗೆ ಹೋದೆ. ಯಾವುದು ಅಂತ ಹೇಳುವುದಿಲ್ಲ, ಮುಂದೆ ಮತ್ತೆ ಅಲ್ಲಿಗೇ ಹೋಗಬೇಕು. ಅಲ್ಲೊಬ್ಬ ಹುಡುಗ, ನನ್ನ ಮಗನಿಗಿಂತ ಚಿಕ್ಕವನು, ಚಕ್ರ ನೋಡಿದ, ನನ್ನನ್ನು ನೋಡಿದ, "ನೀವು ಬ್ರೇಕೇ ಹಿಡಿಯಲ್ಲ ಸಾರ್" ಅಂದ.

ನನಗೆ ಉರಿದು ಹೋಯಿತು. ಮೂವತ್ತೆಂಟು ವರ್ಷದಿಂದ ಗಾಡಿ ಓಡಿಸುತ್ತಿದ್ದೇನೆ. ಬಿ.ಎಚ್. ರಸ್ತೆಯಲ್ಲಿ ಎಮ್ಮೆ, ಆಟೋ, ಕಾಲೇಜು ಹುಡುಗರು, ಮೊಬೈಲ್ ಹಿಡಿದುಕೊಂಡು ಅಡ್ಡ ಬರುವ ಜನ, ಇವರ ಮಧ್ಯೆ ಬ್ರೇಕ್ ಹಿಡಿಯದೆ ಇಲ್ಲಿ ತನಕ ಹೇಗಪ್ಪಾ ಬಂದೆ ಅಂತ ಕೇಳಿದೆ. ಅವನು ಬೇಜಾರು ಮಾಡಿಕೊಳ್ಳಲಿಲ್ಲ. "ಪೆಡಲ್ ಒತ್ತೋದು ನೀವು ಸಾರ್, ನಿಲ್ಸೋದು ಮೋಟ್ರು. ಅದು ಹಿಂದಕ್ಕೆ ಕರೆಂಟ್ ಮಾಡಿ ಬ್ಯಾಟ್ರಿಗೆ ಕಳಿಸುತ್ತೆ. ಕಡೇಲಿ ಗಾಡಿ ಪೂರಾ ನಿಲ್ಲೋವಾಗ, ಇಲ್ಲಾಂದ್ರೆ ಜೋರಾಗಿ ಒತ್ತಿದಾಗ ಮಾತ್ರ ನಿಜವಾದ ಬ್ರೇಕು. ಹಳೇ ಗಾಡೀಲಿ ಬೆಳಿಗ್ಗೆ ತುಕ್ಕು ಬಂದ್ರೆ ಮೊದಲ ಸರ್ಕಲ್‌ಗೆ ಹೋಗೋಷ್ಟರಲ್ಲಿ ಬ್ರೇಕ್ ಪ್ಯಾಡು ಡಿಸ್ಕಿಗೆ ಒತ್ತಿಕೊಂಡು ಉಜ್ಜಿ ತೆಗೆದುಬಿಡ್ತಿತ್ತು. ಇದರಲ್ಲಿ ಉಜ್ಜೋರೇ ಇಲ್ಲ."

ಹಾಗಾದರೆ ಎಂಟು ತಿಂಗಳಿಂದ ನಾನು ಒತ್ತುತ್ತಿದ್ದದ್ದು ಏನು? ಮನೆ ಬಾಗಿಲ ಬೆಲ್ಲು. ಒತ್ತಿದರೆ ಒಳಗಿನಿಂದ ಯಾರೋ ಬಂದು ಬಾಗಿಲು ತೆಗೆಯುತ್ತಾರೆ, ಅಷ್ಟೆ.

ಮತ್ತೆ ಬೈಕಿನ ಡಿಸ್ಕು ಯಾಕೆ ಹೊಳೆಯುತ್ತೆ ಅಂದೆ. "ಅದು ಸ್ಟೇನ್‌ಲೆಸ್ ಸ್ಟೀಲು. ಕಾರಿಂದು ಕ್ಯಾಸ್ಟ್ ಐರನ್. ಭಾರದ ಗಾಡಿ ಅಲ್ವಾ, ಬಿಸಿ ತಡೀಬೇಕು, ಬೇಗ ಬಿಸಿ ಬಿಡ್ಬೇಕು, ಅದಕ್ಕೆ ಕ್ಯಾಸ್ಟ್ ಐರನ್ನೇ ವಾಸಿ. ರೇಟೂ ಕಮ್ಮಿ" ಅಂದ. ಕ್ಯಾಸ್ಟ್ ಐರನ್ ಅಂದರೆ ನಮ್ಮ ಬೀಡು ಕಬ್ಬಿಣ. ಅದನ್ನು ಕೇಳಿದ್ದೇ ತಡ, ಸರ್ವಿಸ್ ಸೆಂಟರಿನ ಆ ಏಸಿ ರೂಮಿನಲ್ಲಿ ಕೂತಿದ್ದವನಿಗೆ ಗುಬ್ಬಿ ತಾಲ್ಲೂಕಿನ ನಮ್ಮ ಅಜ್ಜಿ ಮನೆಯ ದೋಸೆ ಕಾವಲಿ ನೆನಪಾಯಿತು.

ಆ ಕಾವಲಿಯ ವಿಷಯ ಸ್ವಲ್ಪ ಹೇಳಲೇಬೇಕು. ಅದೂ ಬೀಡು. ಎತ್ತಬೇಕಾದರೆ ಎರಡು ಕೈ ಬೇಕು. ಅಜ್ಜಿಗೆ ಅವರ ಅತ್ತೆಯಿಂದ ಬಂದದ್ದು, ಅವರಿಗೆ ಯಾರಿಂದ ಬಂತೋ ಗೊತ್ತಿಲ್ಲ. ಬಣ್ಣ ಅಂದರೆ ಅಮಾವಾಸ್ಯೆ ಕಪ್ಪು. ಅದಕ್ಕೆ ಮನೆಯ ಗಂಡಸರಿಗಿಂತ ಜಾಸ್ತಿ ಮರ್ಯಾದೆ ಇತ್ತು. ಅದರ ಮೇಲೆ ರೊಟ್ಟಿ ತಟ್ಟುವಂತಿಲ್ಲ, ರೊಟ್ಟಿಗೆ ಬೇರೆ ಹೆಂಚು. ಪಕ್ಕದ ಮನೆಗೆ ಕೊಡುವಂತಿಲ್ಲ. ನೀರು ತೋರಿಸುವಂತಿಲ್ಲ. ದೋಸೆ ಮುಗಿದ ಮೇಲೆ ಬಟ್ಟೆಯಲ್ಲಿ ಒರೆಸಿ, ಒಂದು ಬೆರಳು ಎಣ್ಣೆ ಸವರಿ, ಒಲೆ ಹಿಂದಿನ ಗೋಡೆಗೆ ಒರಗಿಸಬೇಕು. ಮಕ್ಕಳು ಆ ಕಡೆ ಸುಳಿದರೆ ಸೌಟು ತೋರಿಸುತ್ತಿದ್ದರು.

ಆ ಮನೆಗೆ ಚಿಕ್ಕಪ್ಪನ ಮದುವೆಯಾಗಿ ಬೆಂಗಳೂರಿನಿಂದ ಚಿಕ್ಕಮ್ಮ ಬಂದರು. ಕೈಗೆ ವಾಚು ಕಟ್ಟಿಕೊಂಡು ಬಂದ ಮೊದಲ ಸೊಸೆ. ಅತ್ತೆ ಮನೆಯಲ್ಲಿ ಒಳ್ಳೆ ಹೆಸರು ತೆಗೆದುಕೊಳ್ಳಬೇಕು ಅಂತ ಆಸೆ, ಯಾರಿಗಿರಲ್ಲ ಹೇಳಿ. ಬಂದ ಹದಿನೈದು ದಿನಕ್ಕೆ, ಅಜ್ಜಿ ಯಾವುದೋ ನಾಮಕರಣಕ್ಕೆ ಹೋಗಿದ್ದಾಗ, ಈ ಕಪ್ಪು ಕಾವಲಿ ಚಿಕ್ಕಮ್ಮನ ಕಣ್ಣಿಗೆ ಬಿತ್ತು. ಕಪ್ಪಗಿದೆ ಅಂದಮೇಲೆ ಕೊಳೆ ತಾನೆ? ಬಾವಿಕಟ್ಟೆಗೆ ಹೊತ್ತುಕೊಂಡು ಹೋಗಿ, ಹುಣಸೆಹಣ್ಣು, ಇಟ್ಟಿಗೆ ಪುಡಿ, ತೆಂಗಿನ ನಾರು, ಎಲ್ಲ ಹಾಕಿ ಎರಡು ಗಂಟೆ ಉಜ್ಜಿದರು. ನೀರು ಸೇದಿ ಹಾಕಿದವನು ನಾನು, ಅದನ್ನು ಇವತ್ತಿನ ತನಕ ಯಾರಿಗೂ ಹೇಳಿಲ್ಲ. ಮೂರು ತಲೆಮಾರಿನ ಕಪ್ಪು ಬಿಟ್ಟು ಕಾವಲಿ ಬೆಳ್ಳಗೆ ಬೂದು ಬಣ್ಣಕ್ಕೆ ಬಂತು. ಚಿಕ್ಕಮ್ಮ ಅದನ್ನು ಅಡುಗೆಮನೆ ಬಾಗಿಲಿಗೇ ಕಾಣುವ ಹಾಗೆ ನಿಲ್ಲಿಸಿದರು.

ಅಜ್ಜಿ ಸಂಜೆ ಬಂದು ನೋಡಿದರು. ಬೈಯಲಿಲ್ಲ. ಬೈದಿದ್ದರೆ ಅರ್ಧ ಗಂಟೆಯಲ್ಲಿ ಮುಗಿಯುತ್ತಿತ್ತು. ಏನೂ ಮಾತಾಡದೆ ದೋಸೆಗೆ ನೆನೆಹಾಕಿದ್ದನ್ನು ರುಬ್ಬಲು ಕೂತರು.

ಬೆಳಿಗ್ಗೆ ಎದ್ದು ನೋಡಿದರೆ ಕಾವಲಿ ಕೆಂಪಗೆ. ನನ್ನ ಕಾರಿನ ಡಿಸ್ಕಿನ ಬಣ್ಣವೇ, ಒಂದು ಚೂರೂ ವ್ಯತ್ಯಾಸವಿಲ್ಲ. ಅಜ್ಜಿ ಅದನ್ನು ಒರೆಸಿ, ಒಲೆ ಮೇಲಿಟ್ಟು, ಚಿಕ್ಕಮ್ಮನ ಕೈಗೆ ಸೌಟು ಕೊಟ್ಟು, "ಹುಯ್ಯಮ್ಮ" ಅಂದರು. ಮೊದಲನೇ ದೋಸೆ ಏಳಲಿಲ್ಲ. ಎರಡನೆಯದೂ ಏಳಲಿಲ್ಲ. ಮೂರನೆಯದು ಎದ್ದಿತು, ಆದರೆ ನಲವತ್ತು ತುಂಡಾಗಿ. ಅಷ್ಟು ಹೊತ್ತಿಗೆ ತಾತ ಪೂಜೆ ಮುಗಿಸಿ ತಟ್ಟೆ ಮುಂದೆ ಕೂತು, ನಿಜವಾಗಲೂ ಗೊತ್ತಾಗದೆ, "ಇದು ಯಾವ ಪಲ್ಯ?" ಅಂದುಬಿಟ್ಟರು. ಚಿಕ್ಕಮ್ಮ ಅಳುತ್ತಾ ಒಳಗೆ ಹೋದರು. ಚಿಕ್ಕಪ್ಪ ಸೈಕಲ್ ಹತ್ತಿಕೊಂಡು ತೋಟಕ್ಕೆ ಹೋದವರು ರಾತ್ರಿ ತನಕ ಬರಲಿಲ್ಲ.

ಆಮೇಲೆ ಎಂಟು ದಿನ ಅಜ್ಜಿ ಕಾವಲಿಯನ್ನು ಮತ್ತೆ ಪಳಗಿಸಿದರು. ದಿನಾ ಸಂಜೆ ಒಲೆ ಮೇಲೆ ಕಾಯಿಸುವುದು, ಅರ್ಧ ಈರುಳ್ಳಿಯನ್ನು ಎಣ್ಣೆಯಲ್ಲಿ ಅದ್ದಿ ತಿಕ್ಕುವುದು, ಹೊಗೆ ಏಳುವ ತನಕ ಬಿಡುವುದು, ಇಳಿಸುವುದು. ಎಂಟು ದಿನವೂ ಮನೆಯಲ್ಲಿ ಇಡ್ಲಿ. ತಪ್ಪು ಯಾರದ್ದೇ ಇರಲಿ, ಶಿಕ್ಷೆ ಅನುಭವಿಸಿದ್ದು ಮಕ್ಕಳು. ಚಿಕ್ಕಪ್ಪ ರಾಜಿ ಮಾಡಿಸಲು ತುಮಕೂರಿನ ಮಂಡಿಪೇಟೆಯಿಂದ ಹೊಸ ಅಲ್ಯೂಮಿನಿಯಂ ಕಾವಲಿ ತಂದುಕೊಟ್ಟರು. ಅಜ್ಜಿ ಅದನ್ನು ನೀರಿನ ಹರವಿಗೆ ಮುಚ್ಚಳ ಮಾಡಿದರು.

ಆ ಬೀಡಿನ ಕಾವಲಿ ಈಗ ಚಿಕ್ಕಮ್ಮನ ಹತ್ತಿರವೇ ಇದೆ. ಸರ್ವಿಸ್ ಸೆಂಟರಿನಿಂದಲೇ ಫೋನ್ ಮಾಡಿ ತುಕ್ಕಿಗೆ ಏನು ಮಾಡಬೇಕು ಅಂತ ಕೇಳಿದೆ. "ಎಣ್ಣೆ ಸವರೋ" ಅಂದರು. ಇದು ಕಾರಿಂದು ಚಿಕ್ಕಮ್ಮ ಅಂದೆ. "ಕಾರಿಂದಾದ್ರೇನು, ಕಬ್ಬಿಣ ತಾನೆ? ಒಳ್ಳೇ ಕೊಬ್ಬರಿ ಎಣ್ಣೆ ಹಚ್ಚು, ತಿಪಟೂರಿಂದು" ಅಂದರು.

ಸುಳ್ಳು ಯಾಕೆ ಹೇಳಲಿ, ಮನೆಗೆ ಬಂದು ಎಣ್ಣೆ ಬಾಟಲಿ, ಒಂದು ತುಂಡು ಬಟ್ಟೆ ಹಿಡಿದುಕೊಂಡು ಗೇಟಿನ ತನಕ ಹೋಗಿದ್ದೆ. ಬಗ್ಗಿದಾಗ ಹೊಳೆಯಿತು. ಎಣ್ಣೆ ಹಚ್ಚಿದರೆ ತುಕ್ಕು ಬರುವುದಿಲ್ಲ, ಸರಿ. ಕಾರೂ ನಿಲ್ಲುವುದಿಲ್ಲ. ಬಣ್ಣವೂ ಬಳಿಯುವ ಹಾಗಿಲ್ಲ, ಪ್ಯಾಡು ಉಜ್ಜುವ ಜಾಗ ಅದು. ಹಚ್ಚಬಾರದ ಜಾಗದಲ್ಲೇ ತುಕ್ಕು ಹಿಡಿಯುವ ಹಾಗೆ ಮಾಡಿಟ್ಟಿದ್ದಾರೆ. ಇದಕ್ಕೆ ನಾನು ಕೊಟ್ಟ ದುಡ್ಡಿನಲ್ಲಿ ಗುಬ್ಬಿ ಕಡೆ ಒಂದು ಸಣ್ಣ ತೋಟ ಬರುತ್ತಿತ್ತು.

ಹಿಂದೆ ಈ ತಾಪತ್ರಯ ಇರಲಿಲ್ಲ ಅಂತಲ್ಲ, ಕಾಣುತ್ತಿರಲಿಲ್ಲ. ಹಳೇ ಅಂಬಾಸಿಡರಿನಲ್ಲಿ ಎಲ್ಲ ಡ್ರಮ್ಮಿನೊಳಗೆ ಮುಚ್ಚಿಕೊಂಡಿರುತ್ತಿತ್ತು, ಹೊರಗೆ ಕಬ್ಬಿಣದ ಚಕ್ರ, ಅದರ ಮೇಲೊಂದು ತಟ್ಟೆ. ಮನೆ ಜಗಳ ಮನೆಯಲ್ಲೇ. ಈಗ ಚಂದ ಕಾಣಲಿ ಅಂತ ತುಕ್ಕೇ ಹಿಡಿಯದ ಅಲಾಯ್ ಚಕ್ರ ಹಾಕಿ, ಅದರಲ್ಲಿ ಅಂಗೈ ಅಗಲದ ಸಂದಿ ಬಿಟ್ಟು, ಸಂದಿಯಲ್ಲಿ ಕೆಂಪು ತಟ್ಟೆ ತೋರಿಸುತ್ತಾರೆ. ಫೋಕ್ಸ್‌ವ್ಯಾಗನ್‌ನವರು ತಮ್ಮ ಐಡಿ.3, ಐಡಿ.4 ಕರೆಂಟು ಕಾರುಗಳ ಹಿಂದಿನ ಚಕ್ರಕ್ಕೆ ಮತ್ತೆ ಡ್ರಮ್ಮನ್ನೇ ಹಾಕಿದರು. ಜನ ನಕ್ಕರು, ಇಷ್ಟು ದುಡ್ಡಿನ ಗಾಡಿಗೆ ಡ್ರಮ್ಮಾ ಅಂತ. ನಾನು ನಗುವುದಿಲ್ಲ. ಅವರಿಗೂ ಎದುರು ಮನೆಯಲ್ಲಿ ಒಬ್ಬ ಮೇಷ್ಟ್ರು ಇರಬೇಕು.

ಮೇಷ್ಟ್ರಿಗೆ ಇದನ್ನೆಲ್ಲ ವಿವರಿಸಿದೆ. ವಿವರಿಸಬಾರದಿತ್ತು. ಪೂರ್ತಿ ಕೇಳಿ, ತಲೆಯಾಡಿಸಿ, "ಅಂದ್ರೆ ಕೆಲಸ ಇಲ್ಲದೆ ಕೂತಿದ್ದಕ್ಕೆ ತುಕ್ಕು. ಮನುಷ್ಯನಿಗೂ ಅಷ್ಟೇ ಸಾರ್" ಅಂದರು. ಹೇಳುವಾಗ ಅವರ ಕಣ್ಣು ನನ್ನ ಹೊಟ್ಟೆ ಮೇಲಿತ್ತು. ನಾನು ರಿಟೈರ್ ಆಗಿ ಒಂದೂವರೆ ವರ್ಷ. ಈ ಒಂದೂವರೆ ವರ್ಷದಲ್ಲಿ ಈ ಮಾತನ್ನು ನನಗೆ ಹೇಳದವರು ಯಾರು? ಬೀಗರು ಹೇಳಿದರು, ಕ್ಷೌರದವನು ಹೇಳಿದ, ಸಿದ್ಧಗಂಗೆ ಜಾತ್ರೆಯಲ್ಲಿ ಸಿಕ್ಕ ಗುರುತಿಲ್ಲದವರೂ ಹೇಳಿದರು. ನನ್ನನ್ನು ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ದಿನಾ ಉಜ್ಜಿದ್ದಾರೆ ಸ್ವಾಮಿ. ಹೊಳೆಯಲಿಲ್ಲ, ಸವೆದೆ. ಬ್ರೇಕಿನ ಕಥೆಯೂ ಅದೇ. ಉಜ್ಜಿಸಿಕೊಂಡ ಪ್ಯಾಡು ಸವೆದು ಹೊಸದು ಹಾಕಿಸಬೇಕಾಗುತ್ತದೆ. ಈ ಹೈಬ್ರಿಡ್ಡಿನ ಪ್ಯಾಡು ಕೆಲಸ ಕಮ್ಮಿ ಅಂತಲೇ ಎಷ್ಟೋ ಜಾಸ್ತಿ ಬಾಳಿಕೆ ಬರುತ್ತದೆ. ಮೇಲಿನ ತುಕ್ಕು ನಾಲ್ಕು ಸಲ ಗಟ್ಟಿಯಾಗಿ ಒತ್ತಿದರೆ ಹೋಗುತ್ತೆ. ಇದನ್ನು ಮೇಷ್ಟ್ರಿಗೆ ಹೇಳಬೇಕು ಅಂತ ಹೊಳೆದದ್ದು ರಾತ್ರಿ ಹನ್ನೊಂದಕ್ಕೆ. ಒಳ್ಳೇ ಉತ್ತರಗಳೆಲ್ಲ ನನಗೆ ಹನ್ನೊಂದರ ಮೇಲೇ ಬರುವುದು.

ಗಟ್ಟಿಯಾಗಿ ಒತ್ತುವುದಕ್ಕೆ ಊರೊಳಗೆ ಜಾಗ ಎಲ್ಲಿದೆ? ಸರ್ವಿಸ್ ಹುಡುಗ ಒಂದು ಉಪಾಯ ಹೇಳಿದ್ದ, ಹಿಂದೆ ಮುಂದೆ ಯಾರೂ ಇಲ್ಲದ ಕಡೆ ಗೇರನ್ನು ನ್ಯೂಟ್ರಲ್‌ಗೆ ಹಾಕಿ ಬ್ರೇಕ್ ಹಿಡಿದರೆ ಮೋಟಾರು ಸುಮ್ಮನಾಗಿ ಬ್ರೇಕೇ ಕೆಲಸ ಮಾಡುತ್ತೆ ಅಂತ. ತುಮಕೂರಿನಲ್ಲಿ ಹಿಂದೆ ಮುಂದೆ ಯಾರೂ ಇಲ್ಲದ ಕಡೆ! ಕೊನೆಗೆ ಶನಿವಾರ ಹೆಂಡತಿಯನ್ನು ಕೂರಿಸಿಕೊಂಡು ದೇವರಾಯನದುರ್ಗಕ್ಕೆ ಹೊರಟೆ. ನರಸಿಂಹಸ್ವಾಮಿ ದರ್ಶನ ಅಂತ ಅವಳಿಗೆ ಹೇಳಿದ್ದು. ಬೆಟ್ಟ ಇಳಿಯುವಾಗ ಅರ್ಧ ದಾರಿಗೇ ಬ್ಯಾಟರಿ ತುಂಬಿಹೋಯಿತು, ಮೋಟಾರಿಗೆ ಇನ್ನು ಕರೆಂಟು ಕಳಿಸಲು ಜಾಗವಿಲ್ಲ, ತಿರುವಿಗೊಂದು ಸಲ ಒತ್ತಿದಾಗ ಒಳಗಿನಿಂದ ಕರ್ರ್ ಅಂತ ಸದ್ದು ಬಂತು. ಎಂಟು ತಿಂಗಳಲ್ಲಿ ಮೊದಲ ಸಲ ನನ್ನ ಕಾಲಿಗೆ ಬೆಲೆ ಬಂದ ಹಾಗಾಯಿತು. ಕೆಳಗೆ ನಾಮದ ಚಿಲುಮೆ ಹತ್ತಿರ ನಿಲ್ಲಿಸಿ ಇಳಿದು ನೋಡಿದೆ. ನಾಲ್ಕೂ ಡಿಸ್ಕು ಬೆಳ್ಳಿ ತಟ್ಟೆ. ಹೆಂಡತಿ ಚಿಲುಮೆ ನೋಡಿದಳು, ನಾನು ಚಕ್ರ ನೋಡಿದೆ.

ಮನೆ ತಲುಪಿದಾಗ ಮೇಷ್ಟ್ರು ಹೊರಗೇ ಇದ್ದರು. ಅವರು ನೋಡಲಿ ಅಂತಲೇ ಕಾರನ್ನು ಒಂದಡಿ ಮುಂದೆ ನಿಲ್ಲಿಸಿದೆ. ಅವರು ಪೇಪರಿನಿಂದ ತಲೆ ಎತ್ತಲಿಲ್ಲ. ಎರಡು ಸಲ ಕೆಮ್ಮಿದೆ. ಆಗಲೂ ಇಲ್ಲ. ರಾತ್ರಿ ಜೋರು ಮಳೆ ಬಂತು, ಬೆಳಿಗ್ಗೆ ನೋಡಿದರೆ ಮತ್ತೆ ಕೆಮ್ಮಣ್ಣು, ಈಗ ಮೇಷ್ಟ್ರು ಸರಿಯಾಗಿ ಗೇಟಿನ ಹತ್ತಿರವೇ ನಿಂತಿದ್ದಾರೆ. ಬಾಯಿ ತೆರೆಯುವ ಮೊದಲೇ ನಾನು ಅವರ ಮಗನ ಬೈಕಿನ ಪಕ್ಕ ಹೋಗಿ, ಮಂಡಿ ಮೇಲೆ ಕೈಯಿಟ್ಟು ಬಗ್ಗಿ, "ಮೇಷ್ಟ್ರೇ, ಚೈನು ಏನು ಹೀಗಿದೆ?" ಅಂದೆ.

ಅವರೂ ಬಗ್ಗಿದರು. ಸ್ವಲ್ಪ ಹೊತ್ತು ನೋಡಿದರು.

"ಅದರ ಬಣ್ಣಾನೇ ಹಾಗೆ ಸಾರ್" ಅಂದರು.